ರಿಮೋಟಿನ ಮೇಲಿನ ಎರಡು ಹಲ್ಲು

ನಮ್ಮ ಮನೆಯ ಎಸಿ ರಿಮೋಟು ಇನ್ನೂ ಅಂಗಡಿಯಿಂದ ಬಂದಾಗಿನ ಪ್ಲಾಸ್ಟಿಕ್ ಚೀಲದಲ್ಲೇ ಇದೆ. ಬಿಚ್ಚಿದರೆ ಧೂಳು ಕೂರುತ್ತದೆ ಎಂದು ನಮ್ಮ ಯಜಮಾನರ ಅಂಬೋಣ. ಆ ಚೀಲದ ಒಂದು ಮೂಲೆಯಲ್ಲಿ ಎರಡು ಪುಟ್ಟ ಹಲ್ಲಿನ ಗುರುತುಗಳಿವೆ. ಇವತ್ತು ಮಧ್ಯಾಹ್ನ ಕಪಾಟಿನಲ್ಲಿ ಹುಣಸೆಹಣ್ಣಿನ ಡಬ್ಬಿ ಹುಡುಕುವಾಗ ಅದು ಕೈಗೆ ಸಿಕ್ಕಿತು. ಹುಣಸೆಹಣ್ಣು ಅಲ್ಲೇ ಉಳಿಯಿತು, ನಾನು ರಿಮೋಟು ಹಿಡಿದುಕೊಂಡು ಕೂತೆ.

ಶಿವರಾತ್ರಿ ಮುಗಿದು ಬಿಸಿಲು ಏರಿತೆಂದರೆ ಸಾಕು, ನಮ್ಮ ಬಸವನ ಬಾಗೇವಾಡಿಯ ಓಣಿಯಲ್ಲಿ ಯಾರಾದರೂ ಒಬ್ಬರು ಬಂದು ಕೇಳುತ್ತಾರೆ, "ಅಕ್ಕೋರ, ನಾವೂ ಮನಿಗೊಂದು ಎಸಿ ಹಾಕಸಬೇಕಂತ ಮಾಡೇವಿ. ಹೆಂಗರಿ, ಚಲೋ ಏನು?" ಅಕ್ಕೋರು ಎಂದರೆ ನಾನು. ಮೂವತ್ತೊಂದು ವರ್ಷ ಪ್ರಾಥಮಿಕ ಶಾಲೆಯಲ್ಲಿ ಕಲಿಸಿ ಮನೆಗೆ ಬಂದವಳು. ಓಣಿಗೆ ಮೊದಲ ಎಸಿ ಬಂದದ್ದು ನಮ್ಮ ಮನೆಗಾದ್ದರಿಂದ ಈ ವಿಷಯದಲ್ಲಿ ನಾನೇ ಪಂಡಿತೆ. "ಬ್ಯಾಡ" ಅನ್ನುತ್ತೇನೆ. ಯಾಕೆ ಎಂದರೆ ಕರೆಂಟು, ಮಣ್ಣಿನ ಗೋಡೆ, ಮೊಣಕಾಲು ನೋವು ಎಂದು ಬಾಯಿಗೆ ಬಂದದ್ದನ್ನು ಹೇಳಿ ಕಳಿಸುತ್ತೇನೆ. ನಿಜವಾದ ಕಾರಣದಲ್ಲಿ ನನ್ನ ಮಗಳ ಮತ್ತು ಅವಳ ಹಸಿಗೂಸಿನ ಜೀವದ ಮಾತಿದೆ. ಅದನ್ನು ಓಣಿಯಲ್ಲಿ ಹೇಳಿಲ್ಲ. ನಿಮಗೆ ಹೇಳುತ್ತೇನೆ, ಆದರೆ ಮೊದಲು ಆ ಎಸಿ ಡಬ್ಬಿಯನ್ನು ಮನಸಾರೆ ಬೈದುಕೊಳ್ಳಲು ಬಿಡಿ.

ನಮ್ಮ ಕಡೆ ಬಿಸಿಲಿಗೆ ಬರವಿಲ್ಲ, ಒಪ್ಪಿದೆ. ಏಪ್ರಿಲ್ ಮಧ್ಯಾಹ್ನ ಬರಿಗಾಲಲ್ಲಿ ಅಂಗಳಕ್ಕೆ ಇಳಿದವರು ಕುಣಿಯುತ್ತಲೇ ಒಳಗೆ ಬರಬೇಕು. ಆದರೆ ಒಳಗೆ ಬಂದ ಮೇಲೆ ಹವೆಯೇ ಬೇರೆ. ನಮ್ಮದು ಮಾವನವರ ಅಪ್ಪ ಕಟ್ಟಿಸಿದ ಕಲ್ಲು-ಮಣ್ಣಿನ ಮಾಳಿಗೆ ಮನೆ. ಗೋಡೆ ಎರಡು ಮೊಳ ದಪ್ಪ. ಪ್ರತಿ ಕೋಣೆಯ ಮಾಳಿಗೆಯಲ್ಲೂ ಊಟದ ತಟ್ಟೆಯಗಲದ ಒಂದು ಬೆಳಕಿಂಡಿ. ಬೆಳಕು ಅದರಿಂದ ಇಳಿಯುತ್ತದೆ, ಹೊಗೆ ಮತ್ತು ಬಿಸಿಗಾಳಿ ಅದರಿಂದ ಏರಿ ಹೋಗುತ್ತವೆ. ಮಳೆ ಬಂದರೆ ಮೇಲೊಂದು ಹಾಸುಗಲ್ಲು ಎಳೆದರಾಯಿತು. ಇದಕ್ಕೆ ರಿಮೋಟಿಲ್ಲ, ವಾರಂಟಿಯಿಲ್ಲ, ಸರ್ವಿಸ್ ಮಾಡುತ್ತೇನೆಂದು ಫೋನು ಮಾಡುವವರೂ ಇಲ್ಲ.

ನಾನು ಹುಟ್ಟಿ ಬೆಳೆದ ಇಂಡಿ ಊರಿನ ಮನೆಯೂ ಇಂಥದ್ದೇ. ಬೇಸಿಗೆಯಲ್ಲಿ ನಿಂಬೆ ತೋಟದಲ್ಲಿ ಕುಣಿದು ಕೆಂಪಗಾಗಿ ಬಂದ ನಮ್ಮನ್ನೆಲ್ಲ ಅವ್ವ ನಡುಮನೆಯ ಸಾರಿಸಿದ ನೆಲದ ಮೇಲೆ ಸಾಲಾಗಿ ಬೋರಲು ಮಲಗಿಸುತ್ತಿದ್ದಳು. "ಹೊಟ್ಟಿ ನೆಲಕ್ಕ ಹಚ್ಚರಿ, ಸೆಕಿ ತಾನ ಇಳಿತೈತಿ" ಅನ್ನುತ್ತಿದ್ದಳು. ಇಳಿಯುತ್ತಿತ್ತು. ಬೆಳಕಿಂಡಿಯಿಂದ ಇಳಿದ ಬಿಸಿಲಿನ ದುಂಡು ನೆಲದ ಮೇಲೆ ನಿಧಾನ ಸರಿಯುತ್ತಿತ್ತು. ಅದು ಅಣ್ಣನ ಕಿವಿಗೆ ಮುಟ್ಟಿದರೆ ನಾಲ್ಕು ಗಂಟೆ, ಎದ್ದು ಆಡಲು ಹೋಗಬಹುದು. ಹಾಗಾಗಿ ನಾವು ಅಣ್ಣನನ್ನು ಮೆಲ್ಲಗೆ ಬಿಸಿಲಿನತ್ತ ತಳ್ಳುತ್ತಿದ್ದೆವು. ಒಮ್ಮೆ ತಳ್ಳಿ ತಳ್ಳಿ ಅವನ ತಲೆ ಕಂಬಕ್ಕೆ ಬಡಿದು ಎಲ್ಲರಿಗೂ ಏಟು ಬಿತ್ತು.

ಈಗ ಸಿಂದಗಿಯ ನನ್ನ ನಾದಿನಿಯ ಕಥೆ ಕೇಳಿ. ಗಂಡನದು ತೊಗರಿ ವ್ಯಾಪಾರ. ಇಂಥದ್ದೇ ಮಣ್ಣಿನ ಮನೆಯನ್ನು ಕೆಡವಿ ಕಾಂಕ್ರೀಟಿನ ಸ್ಲ್ಯಾಬು ಹಾಕಿಸಿದರು. ಅದು ಮನೆಯಲ್ಲ, ರೊಟ್ಟಿಯ ಹಂಚು. ಮೊದಲು ಖರ್ಚು ಮಾಡಿ ಸೆಕೆಯನ್ನು ಕಟ್ಟಿಸಿಕೊಂಡರು, ಆಮೇಲೆ ಆ ಸೆಕೆಯನ್ನು ಓಡಿಸಲು ಇನ್ನಷ್ಟು ಖರ್ಚು ಮಾಡಿ ಎಸಿ ತಂದರು. ಜಾಣರೆಂದರೆ ಇವರು. ನೋಡಲು ಬರ್ರಿ ಎಂದು ಊಟಕ್ಕೆ ಕರೆದಳು. ಹನ್ನೊಂದು ಜನ ಒಂದೇ ಕೋಣೆಯಲ್ಲಿ, ಬಾಗಿಲು ಜಡಿದು, ಉಳ್ಳಾಗಡ್ಡಿಯ ವಾಸನೆಯಲ್ಲಿ ಕೂತೆವು. ನಾದಿನಿ ಒಬ್ಬೊಬ್ಬರಿಗೂ ಶಾಲು ಹಂಚಿದಳು.

"ಹೊದ್ಕೋರಿ ವೈನಿ, ಹದಿನೆಂಟರಾಗ ಇಟ್ಟೇನಿ" ಅಂದಳು.

"ಹದಿನೆಂಟ ಯಾಕ ಬೇಕವ್ವ? ಇಪ್ಪತ್ತೆಂಟಕ್ಕಿಟ್ಟು ಶಾಲು ಟ್ರಂಕಿನ್ಯಾಗ ಇಡು."

"ಹಂಗಿಟ್ರ ಎಸಿ ಐತಂತ ಬಂದವರಿಗೆ ಗೊತ್ತ ಆಗಂಗಿಲ್ಲಲ್ರಿ."

ಈ ಉತ್ತರಕ್ಕೆ ನಾನು ನಕ್ಕೆ. ನಮ್ಮ ಯಜಮಾನರು ನಗಲಿಲ್ಲ. ತಂಗಿಯ ಮನೆಯ ಗೋಡೆಯನ್ನೇ ನೋಡುತ್ತ ಕೂತಿದ್ದರು. ಗುಮಾಸ್ತಿಕೆಯಿಂದ ನಿವೃತ್ತರಾದ ಮೇಲೆ ಆ ಮನುಷ್ಯನಿಗೆ ಮಾಡಲು ಕೆಲಸವಿರಲಿಲ್ಲ, ಬಯಸಲು ಬೇಕಾದಷ್ಟು ಹೊತ್ತಿತ್ತು.

ಉಳಿದದ್ದನ್ನು ಧಾರವಾಡದ ಬೀಗತಿ ಮಾಡಿದಳು. ನಮ್ಮ ಮಗಳು ಸುಮಾಳನ್ನು ಧಾರವಾಡಕ್ಕೆ ಕೊಟ್ಟಿದ್ದೇವೆ. ಧಾರವಾಡವೆಂದರೆ ನಿಮಗೆ ಗೊತ್ತು. ಮಳೆಗಾಲದಲ್ಲಿ ತೊಳೆದು ಹಾಕಿದ ಲಂಗ ಮೂರು ದಿನವಾದರೂ ಒಣಗುವುದಿಲ್ಲ, ಏಪ್ರಿಲ್‌ನಲ್ಲೂ ಸಂಜೆಗೆ ಗಾಳಿ ತಣ್ಣಗೆ ಬೀಸುತ್ತದೆ. ಅಂಥ ಊರಲ್ಲಿ ಅವರ ಪಡಸಾಲೆಯಲ್ಲೊಂದು, ಮಲಗುವ ಕೋಣೆಯಲ್ಲೊಂದು ಎಸಿ. ವರ್ಷಕ್ಕೆ ಇಪ್ಪತ್ತು ದಿನ ಹಚ್ಚುವುದು, ಉಳಿದ ದಿನ ಅದರ ಮೇಲೆ ಕಸೂತಿ ಹಾಕಿದ ಬಟ್ಟೆ ಹೊದಿಸುವುದು. ಕಿಟಕಿ ತೆರೆದರೆ ಬರುವ ಗಾಳಿಯನ್ನು ಕಿಟಕಿ ಮುಚ್ಚಿ ಕೊಂಡುಕೊಳ್ಳುವ ಶ್ರೀಮಂತಿಕೆ ನನ್ನ ತಲೆಗೆ ಇವತ್ತಿಗೂ ಹತ್ತಿಲ್ಲ. ಸುಮಾ ಚೊಚ್ಚಲ ಬಾಣಂತನಕ್ಕೆ ತವರಿಗೆ ಬರುವುದೆಂದು ಗೊತ್ತಾದಾಗ ಬೀಗತಿ ಫೋನು ಮಾಡಿದಳು.

"ಬೀಗ್ರ, ನಿಮ್ಮ ಕಡೆ ಬಿಸಲ ಭಾಳಲ್ರಿ. ಎಸಿ ಐತಿಲ್ಲೋ? ನಮ್ಮ ಮೊಮ್ಮಗ ಸೆಕಿ ತಡಿಯಂಗಿಲ್ಲ ನೋಡ್ರಿ."

ಮೊಮ್ಮಗ ಹುಟ್ಟಲು ಇನ್ನೂ ಎರಡು ತಿಂಗಳಿತ್ತು. ಅವನು ಸೆಕೆ ತಡೆಯುವುದಿಲ್ಲವೆಂಬ ಸುದ್ದಿ ಧಾರವಾಡಕ್ಕೆ ಆಗಲೇ ಮುಟ್ಟಿತ್ತು. ನಮ್ಮ ಯಜಮಾನರು ಒಂದು ಕ್ಷಣವೂ ತಡೆಯದೆ "ಐತ್ರಿ" ಅಂದುಬಿಟ್ಟರು. ಅಂದ ಮೇಲೆ ತರಲೇಬೇಕಾಯಿತು.

ವಿಜಯಪುರದಿಂದ ಇಬ್ಬರು ಮೆಕ್ಯಾನಿಕ್ಕುಗಳು ಬಂದರು. ಗೋಡೆಗೆ ತೂತು ಕೊರೆಯಲು ನಿಂತರೆ ಡ್ರಿಲ್ಲು ಒಂದು ಗೇಣು ಹೋಗಿ ಸಿಕ್ಕಿಹಾಕಿಕೊಂಡಿತು. ಇಬ್ಬರೂ ಸೇರಿ ಜಗ್ಗಿದರೂ ಬರಲಿಲ್ಲ. "ಇದು ಮನೀನೋ ಕ್ವಾಟಿನೋ, ಅಜ್ಜಾರ?" ಎಂದ ಹಿರಿಯ ಮೆಕ್ಯಾನಿಕ್ಕು. ನನಗೆ ಒಳಗೊಳಗೇ ಖುಷಿ. ಸಂಜೆಯ ಹೊತ್ತಿಗೆ ಕಲ್ಲು ಸೋತಿತು. ಆಮೇಲೆ ಅವನು ತಲೆ ಎತ್ತಿ ಬೆಳಕಿಂಡಿ ನೋಡಿದ.

"ಆ ಕಿಂಡಿ ಮುಚ್ಚಬೇಕಾಗ್ತೈತ್ರಿ. ಇಲ್ಲಂದ್ರ ಥಂಡಿ ಎಲ್ಲಾ ಮುಗಿಲಿಗೆ ಹೋಗ್ತೈತಿ. ಬಾಗಲದ ಬುಡಕ್ಕ ರಬ್ಬರ್ ಪಟ್ಟಿ ಹೊಡಿರಿ. ಮತ್ತ ಮಶೀನ್ ನಡದಾಗ ಗ್ವಾಡಿ ಸ್ವಿಚ್ ಬಂದ್ ಮಾಡಬ್ಯಾಡ್ರಿ, ರಿಮೋಟ್ ಒತ್ತೇ ಬಂದ್ ಮಾಡಬೇಕು."

"ಬೆಳಕಿಂಡಿ ಮುಚ್ಚಿದ್ರ ಗಾಳಿ ಎಲ್ಲಿಂದ ಬರಬೇಕ್ರಿ?" ಎಂದು ನಾನು ಕೇಳಿದೆ.

"ನಿನ್ನ ನಾಕನೇತ್ತಾ ಪಾಠ ಇಲ್ಲಿ ಬ್ಯಾಡ" ಅಂದರು ಯಜಮಾನರು. ಬೆಳಕಿಂಡಿಗೆ ಸಿಮೆಂಟು ಬಿತ್ತು.

ನಾಲ್ಕನೇ ತರಗತಿಯ ಪಾಠವೆಂದು ಅವರು ಹಂಗಿಸಿದರಲ್ಲ, ಅದು ನಾನು ಮುದ್ದೇಬಿಹಾಳದಲ್ಲಿ ಹೊಸದಾಗಿ ಸೇರಿದಾಗಿನಿಂದ ನಿವೃತ್ತಿಯವರೆಗೆ ಪ್ರತಿ ವರ್ಷ ತಪ್ಪದೆ ಮಾಡಿದ ಪಾಠ. ಮೇಜಿನ ಮೇಲೆ ಮೇಣದಬತ್ತಿ ಹಚ್ಚಿಟ್ಟು ಅದರ ಮೇಲೆ ಗಾಜಿನ ಲೋಟ ಬೋರಲು ಹಾಕುವುದು. ಮಕ್ಕಳೆಲ್ಲ ಬೆಂಚಿನ ಮೇಲೆ ಹತ್ತಿ ನಿಲ್ಲುತ್ತಿದ್ದವು. ಉರಿ ಸಣ್ಣಗಾಗಿ, ನೀಲಿಯಾಗಿ, ಪಟಕ್ಕನೆ ಆರುತ್ತಿತ್ತು. ಒಬ್ಬ ಹುಡುಗಿ ಅತ್ತೇ ಬಿಟ್ಟಿದ್ದಳು, "ಲೋಟಾ ತಗೀರಿ ಅಕ್ಕೋರ, ಅದಕ್ಕ ಉಸಿರ ಕಟ್ಟೇತಿ" ಎಂದು. ನಾನು ದೊಡ್ಡದಾಗಿ ಭಾಷಣ ಬಿಗಿಯುತ್ತಿದ್ದೆ. ಬೆಂಕಿಗೂ ಗಾಳಿ ಬೇಕು, ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟುಕೊಂಡು ಮಲಗಿದರೆ ಕೆಂಡ ನಿಮ್ಮ ಪಾಲಿನ ಗಾಳಿ ತಿಂದು ವಿಷ ಬಿಡುತ್ತದೆ, ಅದಕ್ಕೆ ವಾಸನೆಯೂ ಇರುವುದಿಲ್ಲ. ಪರೀಕ್ಷೆಯಲ್ಲಿ ಈ ಪ್ರಶ್ನೆಗೆ ಎರಡು ಅಂಕ ಇಟ್ಟಿರುತ್ತಿದ್ದೆ. ತಪ್ಪು ಬರೆದವರಿಗೆ ಬೆಂಚಿನ ಮೇಲೆ ನಿಲ್ಲುವ ಶಿಕ್ಷೆ.

ಏಪ್ರಿಲ್‌ನಲ್ಲಿ ಸುಮಾಳ ಹೆರಿಗೆಯಾಯಿತು. ಬೀಗತಿ ಹೇಳಿದ ಹಾಗೆ ಗಂಡು ಕೂಸೇ ಹುಟ್ಟಿತು, ಆಕೆಯ ಬಾಯಿಗೆ ಏನು ಹೇಳೋಣ. ತಾಯಿ ಮಗು ಮನೆಗೆ ಬಂದ ದಿನದಿಂದ ನಮ್ಮ ಮನೆಯಲ್ಲಿ ಯುದ್ಧ ಶುರುವಾಯಿತು. ನಮ್ಮ ಕಡೆ ಬಾಣಂತಿಯನ್ನು ಬೆಚ್ಚಗಿಡಬೇಕು. ತಲೆಗೆ ಸ್ಕಾರ್ಫು, ಕಿವಿಗೆ ಅರಳೆ, ಕುಡಿಯಲು ಬಿಸಿನೀರು, ತಲೆಗೆ ನೀರೆರೆದು ಮಲಗಿಸಿದ ಮೇಲೆ ಮಂಚದ ಕೆಳಗೆ ಅಗ್ಗಿಷ್ಟಿಗೆ. ಅಂದರೆ ಜಾಲಿ ಇದ್ದಿಲ ಕೆಂಡ ತುಂಬಿದ ಕಬ್ಬಿಣದ ಬುಟ್ಟಿ. ನನ್ನ ಅವ್ವ ನನಗೆ ಇಟ್ಟಿದ್ದಳು, ಅವಳಿಗೆ ಅವಳ ಅವ್ವ ಇಟ್ಟಿದ್ದಳು. ಯಜಮಾನರು ಗೋಡೆಯ ಮೇಲಿನಿಂದ ಥಂಡಿ ಬಿಡುವರು, ನಾನು ಮಂಚದ ಕೆಳಗಿನಿಂದ ಕೆಂಡ ಇಡುವೆ. ಅವರು ಥಂಡಿ ಹೋಗುತ್ತದೆಂದು ಬಾಗಿಲು ಹಾಕುವರು, ನಾನು ಹೊಗೆಯೆಂದು ತೆಗೆಯುವೆ. ಪ್ರಪಂಚದಲ್ಲಿ ಎಸಿ ಮತ್ತು ಅಗ್ಗಿಷ್ಟಿಗೆ ಒಂದೇ ಕೋಣೆಯಲ್ಲಿ ಒಟ್ಟಿಗೆ ನಡೆದ ಮನೆ ನಮ್ಮದೊಂದೇ ಇರಬೇಕು.

"ಮಾರಿಗೆ ಧಾರವಾಡ, ಬೆನ್ನಿಗೆ ಬಾಗೇವಾಡಿ ಆಗೇತಿ ನಂದು. ಇಬ್ಬರೂ ಒಂದ ಕಡೆ ಕುಂತು ಮಾತಾಡಿ ಮುಗಸ್ರಿ ಯವ್ವಾ" ಅಂದಳು ಸುಮಾ.

ಮಾತಾಡಿ ಮುಗಿಸುವವರು ನಾವಾಗಿದ್ದರೆ ಮೂವತ್ತೈದು ವರ್ಷ ಜೊತೆಗಿರುತ್ತಿರಲಿಲ್ಲ.

ಇಲ್ಲಿ ಹುಸೇನಬಿಯ ವಿಷಯ ಹೇಳಬೇಕು. ಪಕ್ಕದ ಮನೆಯವಳು, ನನಗಿಂತ ನಾಲ್ಕು ವರ್ಷ ದೊಡ್ಡವಳು. ಅವಳ ಗಂಡ ಹಿತ್ತಾಳೆ, ತಾಮ್ರದ ಪಾತ್ರೆಗಳಿಗೆ ಕಲಾಯಿ ಮಾಡುತ್ತಿದ್ದ. ಭಟ್ಟಿಯ ಮುಂದೆ ತಿದಿ ಒತ್ತುತ್ತ ಅವಳ ಅರ್ಧ ಆಯುಷ್ಯ ಹೋಗಿದೆ. ಮಧ್ಯಾಹ್ನದ ಊಟವಾದ ಮೇಲೆ ನಮ್ಮ ಪಡಸಾಲೆಗೆ ಬಂದು ಕೂರುವುದು ಅವಳ ಮೂವತ್ತು ವರ್ಷದ ರೂಢಿ, ಮೊದಲು ನನ್ನ ಶಾಲೆಯ ರಜೆಯ ದಿನಗಳಲ್ಲಿ, ಈಗ ದಿನಾಲೂ. ಬಾಗಿಲು ಬಡಿಯುವುದು, ಬರಲೇ ಎಂದು ಕೇಳುವುದು ಅವಳಿಗೆ ಗೊತ್ತಿಲ್ಲ. ಒಳಗೆ ಬಂದ ಮೇಲೇ "ಬಂದೇನ್ರಿ" ಅನ್ನುವವಳು. ಎಸಿ ಬಂದ ಮೇಲೆ ಯಜಮಾನರು ಅವಳಿಗೆ ಎರಡು ಸಲ ಹೇಳಿದ್ದರು, "ಹುಸೇನಬಿ, ಆ ಕ್ವಾಣಿ ಬಾಗಲಾ ಸುಮ್ಮ ಸುಮ್ಮನ ತಗೀಬ್ಯಾಡವ್ವ." ಅವಳು "ಆತ್ರಿ ಸಾಹೇಬ್ರ" ಎಂದು ಮರುದಿನ ಮತ್ತೆ ತೆಗೆಯುತ್ತಿದ್ದಳು.

ಕೂಸಿಗೆ ಹನ್ನೆರಡು ದಿನವಾದಾಗ ಯಜಮಾನರು ಸಿಂದಗಿಗೆ ಹೋದರು, ತಂಗಿಗೆ ಎಸಿಯ ಸುದ್ದಿ ಹೇಳದಿದ್ದರೆ ಅವರಿಗೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಬೆಳಿಗ್ಗೆ ಎಸಿ ಹಚ್ಚಿ ಬಸ್ಸು ಹತ್ತಿದರು. ಸುಮಾಳಿಗೆ ಎರೆದು ಕೋಣೆಗೆ ಕರೆತಂದರೆ ಒಳಗೆ ಥಂಡಿಯೋ ಥಂಡಿ. ಒದ್ದೆ ತಲೆಯ ಬಾಣಂತಿ ನಡುಗಿದಳು. ರಿಮೋಟು ಹುಡುಕಿದೆ, ಇಲ್ಲ. ಫೋನು ಮಾಡಿದೆ.

"ಅಯ್ಯ, ರಿಮೋಟ್ ನನ್ನ ಕಿಸೇದಾಗ ಬಂದೈತಿ ನೋಡು" ಅಂದರು. ಹಿಂದಿನಿಂದ ಬಸ್ಸಿನ ಹಾರ್ನು ಕೇಳುತ್ತಿತ್ತು. "ಸ್ವಿಚ್ ಮುಟ್ಟಬ್ಯಾಡ, ಮಶೀನ್ ಕೆಡತೈತಿ. ಸಂಜೀಕ ಬರ್ತೇನಿ."

ನನಗೆ ಬಂದ ಸಿಟ್ಟನ್ನು ಇಲ್ಲಿ ಬರೆಯಲಾರೆ. ಸ್ವಿಚ್ಚು ಒತ್ತಿ ಆ ಯಂತ್ರವನ್ನು ಕೆಡಿಸಿದ್ದರೆ ಎಷ್ಟು ಚೆನ್ನಾಗಿತ್ತು. ಇಲ್ಲವೇ ಮಗಳನ್ನು ಪಡಸಾಲೆಗೆ ಕರೆತಂದಿದ್ದರೂ ಆಗುತ್ತಿತ್ತು. ಆದರೆ ನನಗೆ ಬೇಕಾದದ್ದು ಮಗಳಿಗೆ ಬೆಚ್ಚಗಾಗುವುದಲ್ಲ, ಎಸಿ ಸೋಲುವುದು. ಅಗ್ಗಿಷ್ಟಿಗೆಗೆ ದಿನಕ್ಕಿಂತ ಎರಡು ಪಟ್ಟು ಕೆಂಡ ಸುರಿದೆ. ಮಂಚದ ಕೆಳಗೆ ಸರಿಸಿದೆ. ಕೂಸು ಹಾಲು ಕುಡಿದು ಮಲಗಿತು, ಸುಮಾಳ ಕಣ್ಣೂ ಕೂಡಿತು. ಹೊರಗೆ ಬರುವಾಗ, ನನ್ನ ಕೆಂಡದ ಕಾವು ಹೊರಗೆ ಹೋಗಬಾರದೆಂದು, ಬಾಗಿಲನ್ನು ನಾನೇ ಹಾಕಿದೆ. ರಬ್ಬರು ಪಟ್ಟಿ ನೆಲಕ್ಕೆ ತಾಕುವ ಹಾಗೆ ಒತ್ತಿ ಹಾಕಿದೆ.

ಪಡಸಾಲೆಯಲ್ಲಿ ಕೂತು ಬಾಣಂತಿಯ ಪಾಯಸಕ್ಕೆ ಅಳ್ವಿ ಬೀಜ ಹಸನು ಮಾಡತೊಡಗಿದೆ. ಮನಸ್ಸಿಗೆ ಗೆದ್ದ ಸಮಾಧಾನ. ಒಂದು ತಾಸಿನ ಮೇಲೆ ಹುಸೇನಬಿ ಬಂದಳು.

"ಕೂಸಿನ ದನಿ ಇಲ್ಲಲ್ರಿ?"

"ಇವತ್ತ ಚಲೋ ಮಲಗೇತಿ. ತಾಯೀನೂ ಮಲಗ್ಯಾಳ. ಎಬ್ಬಸಬ್ಯಾಡ, ಕುಂದ್ರು."

ಅವಳು ಕೂರಲಿಲ್ಲ. ಕೂಸಿನ ಮುಖ ನೋಡದೆ ಕೂತು ಗೊತ್ತಿಲ್ಲ ಅವಳಿಗೆ. ನಾನು ಬೇಡ ಬೇಡ ಎನ್ನುವಷ್ಟರಲ್ಲಿ ಬಾಗಿಲು ತಳ್ಳಿದಳು. ಒಂದು ಗಳಿಗೆ ಹೊಸ್ತಿಲಲ್ಲೇ ನಿಂತಳು. ಆಮೇಲೆ ಸೆರಗನ್ನು ಮೂಗಿಗೆ ಒತ್ತಿಕೊಂಡು ಒಳಗೆ ಹೋಗಿ ಕೂಸನ್ನು ಎತ್ತಿಕೊಂಡು ಬಂದು ನನ್ನ ಮಡಿಲಲ್ಲಿ ಹಾಕಿದಳು. "ಅಂಗಳಕ್ಕ ಒಯ್ಯರಿ" ಅಂದಳು, ಅಷ್ಟೇ. ತಿರುಗಿ ಒಳಗೆ ಹೋದಳು. ಕೂಸಿನ ಕೈ ಜೋತುಬಿದ್ದಿತ್ತು. ನಾನು ಅಳ್ವಿ ಚೆಲ್ಲಿ ಅಂಗಳಕ್ಕೆ ಓಡಿದೆ. ಹಿಂದೆ ಹುಸೇನಬಿ ಸುಮಾಳನ್ನು ಬಗಲಿಗೆ ಹಾಕಿಕೊಂಡು ಎಳೆದು ತರುತ್ತಿದ್ದಳು. ಸುಮಾ ಪಡಸಾಲೆಗೆ ಬಂದು ವಾಂತಿ ಮಾಡಿದಳು, "ತಲಿ ಸಿಡಿತೈತಿ ಯವ್ವಾ" ಎಂದಳು. ಕೂಸು ಮಾತ್ರ ಸುಮ್ಮನಿತ್ತು. ಬಿಸಿಲಿನಲ್ಲಿ ನಿಂತು ಅದರ ಬೆನ್ನು ಉಜ್ಜಿದೆ, ಅಂಗಾಲು ಉಜ್ಜಿದೆ. ಕಾಲ ಕೆಳಗೆ ಹಾಸುಗಲ್ಲು ಸುಡುತ್ತಿದ್ದದ್ದು ನನಗೆ ಗೊತ್ತಾಗಲಿಲ್ಲ. ಉರಿ ಸಣ್ಣಗಾಗಿ ನೀಲಿಯಾಗುವುದನ್ನು ಮೂವತ್ತೊಂದು ಸಲ ಮಕ್ಕಳಿಗೆ ತೋರಿಸಿದವಳು ನಾನು. ಈಗ ಕೂಸಿನ ತುಟಿಯನ್ನೇ ನೋಡುತ್ತ ನಿಂತಿದ್ದೆ.

ಆಮೇಲೆ ಅದು ಅತ್ತಿತು. ಮೊದಲು ಸಣ್ಣಗೆ, ಆಮೇಲೆ ಓಣಿಗೆಲ್ಲ ಕೇಳುವ ಹಾಗೆ. ನಾನು ಅಲ್ಲೇ ಕುಸಿದು ಕೂತು ಅದಕ್ಕಿಂತ ಜೋರಾಗಿ ಅತ್ತೆ.

ಆಟೋದಲ್ಲಿ ದವಾಖಾನೆಗೆ ಒಯ್ದೆವು. ಇಬ್ಬರಿಗೂ ಆಕ್ಸಿಜನ್ ಇಟ್ಟರು. ಏನಾಗಿತ್ತು ಎಂದು ಡಾಕ್ಟರು ಕೇಳಿದಾಗ ನನ್ನ ಬಾಯಿಂದ ಬಂದ ಮೊದಲ ಮಾತು "ಎಸಿ ಹಚ್ಚಿದ್ವಿ ಸರ್" ಎಂಬುದು. ನಾಚಿಕೆಗೇಡು ನೋಡಿ. ಕೆಂಡದ ವಿಷಯವನ್ನು ಹುಸೇನಬಿಯೇ ಹೇಳಬೇಕಾಯಿತು. ಸಂಜೆಯ ಹೊತ್ತಿಗೆ ಭಯವಿಲ್ಲ ಎಂದರು. ಹೊರಗಿನ ಬೆಂಚಿನ ಮೇಲೆ ಹುಸೇನಬಿ ಅಂಗಾಲು ನೋಡಿಕೊಳ್ಳುತ್ತ ಕೂತಿದ್ದಳು. ಅಗ್ಗಿಷ್ಟಿಗೆಯನ್ನು ಕಾಲಿನಿಂದಲೇ ಹೊರಗೆ ದೂಡಿದ್ದಳು, ಬೊಬ್ಬೆ ಎದ್ದಿತ್ತು. ನಾನು ಅವಳ ಪಕ್ಕ ಕೂತು ಆ ಎಸಿಗೆ, ಅದನ್ನು ಮಾಡಿದವನಿಗೆ, ಮಾರಿದವನಿಗೆ, ತಂದವನಿಗೆ ಬಾಯಿಗೆ ಬಂದ ಹಾಗೆ ಬೈಯತೊಡಗಿದೆ.

"ಅದಕ್ಕ ಯಾಕ ಬೈತೀರಿ ಅಕ್ಕೋರ" ಎಂದಳು ಕೊನೆಗೆ. "ನಮ್ಮ ಮನ್ಯಾಗ ದಿನಾ ಭಟ್ಟಿ ಉರೀತಿತ್ತು, ಒಂದ ದಿನಾನೂ ಬಾಗಲಾ ಹಾಕಿಲ್ಲ. ಬಾಗಲಾ ಹಾಕಾಕ ಎಸಿಗೆ ಕೈ ಎಲ್ಲಿ ಅದಾವ್ರಿ?"



ಯಜಮಾನರು ಸಿಂದಗಿಯಿಂದ ನೇರ ದವಾಖಾನೆಗೇ ಬಂದರು. ಕಿಸೆಯಲ್ಲಿ ರಿಮೋಟು ಎದ್ದು ಕಾಣುತ್ತಿತ್ತು. ನಡೆದದ್ದನ್ನೆಲ್ಲ ಕೇಳಿಸಿಕೊಂಡರು. ನನ್ನ ಸಾರಿಗೆ ಉಪ್ಪು ಹೆಚ್ಚಾದರೆ ಮೂರು ದಿನ ಹಂಗಿಸುವ ಮನುಷ್ಯ, ಕೆಂಡ ಇಟ್ಟವರು ಯಾರು, ಬಾಗಿಲು ಹಾಕಿದವರು ಯಾರು ಎಂದು ಅವತ್ತು ಕೇಳಲಿಲ್ಲ, ಇವತ್ತಿನವರೆಗೂ ಕೇಳಿಲ್ಲ. ಮರುದಿನ ಬಿಸಿಲೇರುವ ಮುಂಚೆ ಸುತ್ತಿಗೆ ಉಳಿ ಹಿಡಿದು ತಾವೇ ಮಾಳಿಗೆ ಹತ್ತಿದರು. ಅರವತ್ತು ದಾಟಿದ ಮನುಷ್ಯ, ಮಂಡಿಯೂರಿ ಕೂತು ಸಿಮೆಂಟು ಒಡೆದರು. ಕೆಳಗೆ ನೆಲದ ಮೇಲೆ ಬಿಸಿಲಿನ ದುಂಡು ಬಿದ್ದಾಗ "ಬಂತೇನು?" ಎಂದು ಮೇಲಿಂದ ಕೇಳಿದರು. "ಬಂತು" ಅಂದೆ.

ಎಸಿ ಇನ್ನೂ ಗೋಡೆಯ ಮೇಲಿದೆ. ಗುಬ್ಬಿಯೊಂದು ಅದರ ನೆತ್ತಿಯ ಮೇಲೆ ಕಸ ಕೂಡಿಸಿದೆ. ಅದರ ಅತ್ಯುತ್ತಮ ಉಪಯೋಗ ಅದೇ ಎಂದು ನನ್ನ ಅಭಿಪ್ರಾಯ. ಬೇಕೋ ಬೇಡವೋ ಎಂದು ಕೇಳುವವರಿಗೆ ಬೇಡ ಎಂದೇ ಹೇಳುತ್ತೇನೆ, ಆ ಮಾತು ಬದಲಿಸುವುದಿಲ್ಲ. ಎರಡು ಮೊಳದ ಗೋಡೆ ಇರುವ ಮನೆಗೆ ಅದು ಬೇಡ, ಧಾರವಾಡದ ಗಾಳಿಗಂತೂ ಬೇಡವೇ ಬೇಡ. ಆದರೆ ಅವತ್ತು ಆ ಕೋಣೆಯಲ್ಲಿ ಬೇಡವಾಗಿದ್ದದ್ದು ಎಸಿ ಒಂದೇ ಅಲ್ಲ.

ಸಂಕ್ರಾಂತಿಗೆ ಸುಮಾ ಬಂದಿದ್ದಳು. ಒಂಬತ್ತು ತಿಂಗಳ ಮೊಮ್ಮಗ ಪಡಸಾಲೆಯ ತುಂಬ ಅಂಬೆಗಾಲಿಟ್ಟು, ಎಲ್ಲಿಂದಲೋ ರಿಮೋಟು ಎಳೆದು ತಂದು ಬಾಯಿಗಿಟ್ಟ. "ಕಸಗೋರಿ, ಕೆಡಸ್ತಾನ" ಅಂದಳು ಸುಮಾ. ಯಜಮಾನರು ಬಿಡು ಎಂದು ಕೈ ಮಾಡಿದರು. ಅವನು ಮನಸಾರೆ ಕಚ್ಚಿದ. ಹೊಸ ಹಲ್ಲು, ಕೆಳಗಿನವು, ಎರಡೇ ಎರಡು.

ಆ ಗುರುತಿನ ಮೇಲೆ ಬೆರಳಾಡಿಸಿ ನೋಡಿದೆ. ಬಾಗಿಲು ಬಡಿಯುವ ರೂಢಿ ಹುಸೇನಬಿಗೆ ಇದ್ದಿದ್ದರೆ ಈ ಎರಡು ಹಲ್ಲು ಮೂಡುತ್ತಿರಲಿಲ್ಲ. ರಿಮೋಟನ್ನು ಕಪಾಟಿನಲ್ಲಿಟ್ಟು, ಎದ್ದು ಹೋಗಿ ಪಡಸಾಲೆಯ ಬಾಗಿಲು ಇನ್ನಷ್ಟು ತೆರೆದಿಟ್ಟು ಬಂದೆ. ಅವಳು ಬರುವ ಹೊತ್ತಾಗಿತ್ತು.